ಆಪ್ತಸಮಾಲೋಚನೆಯ ಸ್ನಾತಕೋತ್ತರ ಶಿಕ್ಷಣ: ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಸಂಕಟದಲ್ಲಿರುವವರ ಮಾತಿಗೆ ಕಿವಿಗೊಟ್ಟು ಧೈರ್ಯ ಹೇಳುವ ಹಿರಿಯರು ನಮ್ಮ ಮನೆಗಳಲ್ಲಿಯೂ ಊರುಗಳಲ್ಲಿಯೂ ಹಿಂದಿನಿಂದ ಇದ್ದಾರೆ. ಅವರ ಹಿತವಚನಕ್ಕೆ ಯಾವ ಪದವಿಯೂ ಬೇಕಾಗಿರಲಿಲ್ಲ. ಆದರೆ ಕುಟುಂಬಗಳು ಕಿರಿದಾಗಿ, ಉದ್ಯೋಗವನ್ನರಸಿ ಜನರು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ನಗರಗಳಲ್ಲಿ ನೆಲೆಸಿದ ಮೇಲೆ ಆ ಆಸರೆ ಎಲ್ಲರಿಗೂ ಕೈಗೆಟಕುವಂತಿಲ್ಲ. ಈ ಕೊರತೆಯನ್ನು ಶಾಸ್ತ್ರೀಯ ತರಬೇತಿಯ ಬಲದಿಂದ ತುಂಬಲು ಯತ್ನಿಸುವ ವೃತ್ತಿಯೇ ಆಪ್ತಸಮಾಲೋಚನೆ.

ಈ ವೃತ್ತಿಯನ್ನು ಕೈಗೊಳ್ಳಬಯಸುವ ಯುವಜನರ ಸಂಖ್ಯೆ ಹೆಚ್ಚುತ್ತಿದೆ. ಅದರೊಡನೆ, ಆಕರ್ಷಕ ಹೆಸರುಗಳನ್ನು ಹೊತ್ತ ಶಿಕ್ಷಣಕ್ರಮಗಳೂ ಹೆಚ್ಚುತ್ತಿವೆ. ಅವುಗಳಲ್ಲಿ ಎಲ್ಲವೂ ಸಮಾನ ಮೌಲ್ಯದವಲ್ಲ. ಎರಡು ವರ್ಷಗಳ ಶ್ರಮವನ್ನೂ ಕುಟುಂಬದ ಉಳಿತಾಯವನ್ನೂ ವ್ಯಯಿಸಿದ ಬಳಿಕ, ಪಡೆದ ಪದವಿ ವೃತ್ತಿಗೆ ಸಾಲದೆಂದು ತಿಳಿದುಬಂದರೆ ಅದು ವಿದ್ಯಾರ್ಥಿಗೆ ಆಗುವ ನಷ್ಟ. ಸಾಕಷ್ಟು ತರಬೇತಿಯಿಲ್ಲದವರ ಮುಂದೆ ನೊಂದ ವ್ಯಕ್ತಿಯೊಬ್ಬ ಕುಳಿತರೆ ಅದು ಅದಕ್ಕಿಂತಲೂ ದೊಡ್ಡ ನಷ್ಟ. ಆದ್ದರಿಂದ 'ನನಗೆ ಎಲ್ಲಿ ಪ್ರವೇಶ ದೊರೆತೀತು' ಎಂಬ ಪ್ರಶ್ನೆಗಿಂತ ಮೊದಲು 'ಯಾವ ಶಿಕ್ಷಣವು ನನ್ನನ್ನು ಇನ್ನೊಬ್ಬರ ನೋವಿಗೆ ಹೊಣೆಯಾಗಲು ಅರ್ಹನನ್ನಾಗಿ ಮಾಡೀತು' ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಸೂಕ್ತ. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವೃತ್ತಿಯ ಸ್ವರೂಪ

ಆಪ್ತಸಮಾಲೋಚನೆ ಎಂದರೆ ಉಪದೇಶವಲ್ಲ. ಸಮಾಲೋಚನಾರ್ಥಿಯು ತನ್ನ ಸಮಸ್ಯೆಯನ್ನು ತಾನೇ ಸ್ಪಷ್ಟವಾಗಿ ಕಂಡು, ತನ್ನ ನಿರ್ಧಾರವನ್ನು ತಾನೇ ಕೈಗೊಳ್ಳುವಂತೆ ನೆರವಾಗುವುದು ಇದರ ಗುರಿ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಅವರು ಯುವಕರಿಗೆ ಉದ್ಯೋಗ ಮಾರ್ಗದರ್ಶನ ನೀಡಲು ತೆರೆದ ಕಚೇರಿಯನ್ನು ಈ ವೃತ್ತಿಯ ಆರಂಭಬಿಂದುಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಮುಂದೆ ಕಾರ್ಲ್ ರೋಜರ್ಸ್ (1902-1987) ಅವರು ಸಹಾನುಭೂತಿ, ಪ್ರಾಮಾಣಿಕತೆ ಹಾಗೂ ನಿಬಂಧನೆಯಿಲ್ಲದ ಗೌರವ ಎಂಬ ಮೂರು ಗುಣಗಳನ್ನು ಸಮಾಲೋಚಕನ ಮೂಲಭೂತ ಅರ್ಹತೆಗಳೆಂದು ಪ್ರತಿಪಾದಿಸಿದರು.

ಮನಶ್ಶಾಸ್ತ್ರದ ಅಧ್ಯಯನದಲ್ಲಿ ಕನ್ನಡನಾಡಿಗೆ ಹಿರಿದಾದ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದವರು. 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನ ಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ವಿಲೀನಗೊಂಡು ನಿಮ್ಹಾನ್ಸ್ ಎಂಬ ಹೆಸರು ಪಡೆಯಿತು.

ಈ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಜನರು ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಬೇರೆ ಬೇರೆ ತೊಂದರೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡ 70ರಿಂದ 92ರವರೆಗೆ ಇತ್ತು. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕೆಂದು ನಿರ್ದೇಶಿಸಿತು. ಶಾಲಾ ಕಾಲೇಜುಗಳಲ್ಲದೆ ಆಸ್ಪತ್ರೆಗಳು, 1984ರ ಕಾಯಿದೆಯಡಿ ಸ್ಥಾಪಿತವಾದ ಕೌಟುಂಬಿಕ ನ್ಯಾಯಾಲಯಗಳು, ಎಚ್‌ಐವಿ ಪರೀಕ್ಷಾ ಕೇಂದ್ರಗಳು, ಉದ್ಯಮಗಳು, ದೂರವಾಣಿ ಸಹಾಯವಾಣಿಗಳು ಮುಂತಾದ ಕಡೆಗಳಲ್ಲಿ ಆಪ್ತಸಮಾಲೋಚಕರ ಅಗತ್ಯವಿದೆ.

ಮೂರು ಹೆಸರುಗಳು, ಮೂರು ಹೊಣೆಗಳು

ಅರ್ಜಿದಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ಗೊಂದಲವೆಂದರೆ ಮನೋವೈದ್ಯ, ಚಿಕಿತ್ಸಾ ಮನೋವಿಜ್ಞಾನಿ ಮತ್ತು ಆಪ್ತಸಮಾಲೋಚಕ ಎಂಬ ಮೂರು ಹೆಸರುಗಳನ್ನು ಒಂದೇ ಎಂದು ಭಾವಿಸುವುದು. ಮನೋವೈದ್ಯರು ವೈದ್ಯಕೀಯ ಪದವಿಯ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ಔಷಧ ಬರೆದುಕೊಡುವ ಅಧಿಕಾರ ಅವರದು. ಚಿಕಿತ್ಸಾ ಮನೋವಿಜ್ಞಾನಿಗಳು 1992ರ ಕಾಯಿದೆಯಡಿ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಹೊಂದಿರಬೇಕು. ಎಂ.ಎ. ಅಥವಾ ಎಂ.ಎಸ್‌ಸಿ. ಮನೋವಿಜ್ಞಾನ ಮುಗಿಸಿದ ಮಾತ್ರಕ್ಕೆ ಯಾರೂ ಆ ಹೆಸರನ್ನು ಬಳಸುವಂತಿಲ್ಲ. ಬಹುಕಾಲ ಈ ನೋಂದಣಿಗೆ ಎರಡು ವರ್ಷಗಳ ಎಂ.ಫಿಲ್. ಶಿಕ್ಷಣವೇ ಮುಖ್ಯ ಮಾರ್ಗವಾಗಿತ್ತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟರೂ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎಂಬೆರಡು ವಿಷಯಗಳಲ್ಲಿ 2025-26ನೇ ಶೈಕ್ಷಣಿಕ ವರ್ಷದವರೆಗೆ ಪ್ರವೇಶಕ್ಕೆ ಅವಕಾಶ ನೀಡಿತು. ಈ ಮಾರ್ಗವನ್ನು ಹಿಡಿಯಬಯಸುವವರು ತಾವು ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ನಿಯಮವನ್ನು ಪರಿಷತ್ತಿನ ಪ್ರಕಟಣೆಯಿಂದಲೇ ದೃಢಪಡಿಸಿಕೊಳ್ಳಬೇಕು.

ಆಪ್ತಸಮಾಲೋಚಕರ ಹೊಣೆ ಇವೆರಡರಿಂದ ಭಿನ್ನವಾದುದು. ದೈನಂದಿನ ಬದುಕಿನ ಒತ್ತಡ, ಸಂಬಂಧಗಳ ಬಿರುಕು, ವಿದ್ಯಾಭ್ಯಾಸ ಮತ್ತು ಉದ್ಯೋಗದ ಆತಂಕ, ಅಗಲಿಕೆಯ ದುಃಖ ಮೊದಲಾದವುಗಳಲ್ಲಿ ನೆರವಾಗುವುದು, ತೀವ್ರ ಕಾಯಿಲೆಯ ಲಕ್ಷಣ ಕಂಡಾಗ ತಡಮಾಡದೆ ತಜ್ಞರ ಬಳಿಗೆ ಕಳುಹಿಸುವುದು ಅವರ ಕರ್ತವ್ಯ. ತನ್ನ ಸಾಮರ್ಥ್ಯದ ಎಲ್ಲೆಯನ್ನು ಅರಿತಿರುವುದೂ ಈ ವೃತ್ತಿಯ ಕೌಶಲಗಳಲ್ಲಿ ಒಂದು.

2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯಿದೆಯು ಈ ಕ್ಷೇತ್ರದಲ್ಲಿ ಮಹತ್ವದ ಹೆಜ್ಜೆ. ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಒಳಪಡದ ಮನೋವಿಜ್ಞಾನಿಗಳು ಹಾಗೂ ವರ್ತನಾ ಆರೋಗ್ಯ ಸಮಾಲೋಚಕರನ್ನು ಈ ಕಾಯಿದೆಯ ಅನುಸೂಚಿಯಲ್ಲಿ ಸೇರಿಸಲಾಗಿದೆ. ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವುದು, ವೃತ್ತಿನಿರತರ ನೋಂದಣಿಪಟ್ಟಿ ನಿರ್ವಹಿಸುವುದು ಈ ವ್ಯವಸ್ಥೆಯ ಉದ್ದೇಶ. ಇಂದು ಅರ್ಜಿ ಸಲ್ಲಿಸುವವರು ನಾಳೆ ಈ ಪಟ್ಟಿಯಲ್ಲಿ ಸ್ಥಾನ ಪಡೆಯಬೇಕಾದವರು ಎಂಬುದನ್ನು ಮರೆಯಬಾರದು.

ಶಿಕ್ಷಣಕ್ರಮವನ್ನು ಪರಿಶೀಲಿಸುವ ಬಗೆ

ಯಾವುದೇ ಸಂಸ್ಥೆಗೆ ಶುಲ್ಕ ತೆರುವ ಮುನ್ನ ಅಭ್ಯರ್ಥಿಯು ಕೆಳಗಿನ ಅಂಶಗಳನ್ನು ವಿಚಾರಿಸಿ, ಸಾಧ್ಯವಾದರೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

1. ಮಾನ್ಯತೆ: ಪದವಿ ನೀಡುವ ವಿಶ್ವವಿದ್ಯಾನಿಲಯವು ಅನುದಾನ ಆಯೋಗದ ಪಟ್ಟಿಯಲ್ಲಿದೆಯೇ? ತರಗತಿ ನಡೆಸುವ ಸಂಸ್ಥೆ ಒಂದು, ಪದವಿ ನೀಡುವ ಸಂಸ್ಥೆ ಇನ್ನೊಂದು ಆಗಿದ್ದಲ್ಲಿ ಅವುಗಳ ನಡುವಿನ ಸಂಬಂಧವೇನು?

2. ಬೋಧನಾ ವಿಧಾನ: ಇದು ಬಹು ಮುಖ್ಯವಾದ ಅಂಶ. 2021ರ ಕಾಯಿದೆಯ ವ್ಯಾಪ್ತಿಗೆ ಬರುವ ಶಿಕ್ಷಣಕ್ರಮಗಳನ್ನು, ಮನೋವಿಜ್ಞಾನವೂ ಸೇರಿದಂತೆ, 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ವಿಧಾನದಲ್ಲಿ ನಡೆಸುವಂತಿಲ್ಲವೆಂದು ಅನುದಾನ ಆಯೋಗವು ತಿಳಿಸಿದೆ. ಅದಕ್ಕೂ ಮೊದಲು ಉದ್ಯೋಗಸ್ಥರೂ ಗೃಹಿಣಿಯರೂ ಅಂಚೆ ಶಿಕ್ಷಣದ ಮೂಲಕ ಮನೋವಿಜ್ಞಾನದ ಎಂ.ಎ. ಪದವಿ ಪಡೆಯುತ್ತಿದ್ದರು. ಈಗ ಅಂತಹ ಜಾಹೀರಾತು ಕಂಡಲ್ಲಿ ಆಯೋಗದ ಪ್ರಕಟಣೆಯೊಡನೆ ತಾಳೆ ನೋಡುವುದು ಅವಶ್ಯಕ.

3. ಪ್ರಾಯೋಗಿಕ ತರಬೇತಿ: ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಎಷ್ಟು ಗಂಟೆಗಳ ಕಾಲ ಸಮಾಲೋಚನಾರ್ಥಿಗಳೊಡನೆ ನೇರವಾಗಿ ಕುಳಿತು ಕೆಲಸ ಮಾಡುತ್ತಾನೆ? ಆಸ್ಪತ್ರೆ, ಶಾಲೆ, ಸೇವಾ ಸಂಸ್ಥೆಗಳೊಡನೆ ಒಪ್ಪಂದವಿದೆಯೇ, ಅಥವಾ ವಿದ್ಯಾರ್ಥಿಯೇ ಸ್ಥಳ ಹುಡುಕಿಕೊಳ್ಳಬೇಕೇ?

4. ಮೇಲ್ವಿಚಾರಣೆ: ವಿದ್ಯಾರ್ಥಿಯು ನಡೆಸಿದ ಸಮಾಲೋಚನೆಯನ್ನು ಅನುಭವಿ ಶಿಕ್ಷಕರೊಬ್ಬರು ನಿಯಮಿತವಾಗಿ ಪರಿಶೀಲಿಸಿ ತಿದ್ದುವ ವ್ಯವಸ್ಥೆಯಿದೆಯೇ? ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು ಇರುತ್ತಾರೆ? ಈಜನ್ನು ದಡದಲ್ಲಿ ನಿಂತು ಕಲಿಯಲಾಗದು. ಹಾಗೆಂದು ಕಾಯುವವರಿಲ್ಲದ ನೀರಿಗೆ ಇಳಿಯುವುದೂ ಅಪಾಯಕರ.

5. ಅಧ್ಯಾಪಕರು: ಬೋಧಿಸುವವರಲ್ಲಿ ಸ್ವತಃ ಸಮಾಲೋಚನೆಯನ್ನು ವೃತ್ತಿಯಾಗಿ ನಡೆಸುವವರು ಎಷ್ಟು ಮಂದಿ?

ಈ ಐದರಲ್ಲಿ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ನೀಡದ ಸಂಸ್ಥೆಯು ಎಷ್ಟೇ ಭವ್ಯವಾದ ಕಟ್ಟಡ ಹೊಂದಿದ್ದರೂ ಎರಡು ಬಾರಿ ಯೋಚಿಸುವುದು ಮೇಲು.

ಕೆಲವು ಸಂಸ್ಥೆಗಳು

ಮುಂಬೈಯ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1936ರಲ್ಲಿ ಆರಂಭವಾದುದು. ಅಲ್ಲಿನ ಅನ್ವಯಿಕ ಮನೋವಿಜ್ಞಾನದ ಎಂ.ಎ. ಶಿಕ್ಷಣದಲ್ಲಿ ಸಮಾಲೋಚನೆಗೆ ಪ್ರಾಮುಖ್ಯವಿದೆ. ಚೆನ್ನೈಗೆ ಸಮೀಪದ ಶ್ರೀಪೆರಂಬುದೂರಿನಲ್ಲಿ ಕೇಂದ್ರ ಯುವಜನ ವ್ಯವಹಾರಗಳ ಸಚಿವಾಲಯದ ಅಧೀನದಲ್ಲಿರುವ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆಯಲ್ಲಿಯೂ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯ ಹಾಗೂ ಮಾಂಟ್‌ಫರ್ಟ್ ಕಾಲೇಜುಗಳಲ್ಲಿಯೂ ಸಮಾಲೋಚನಾ ಮನೋವಿಜ್ಞಾನದ ಸ್ನಾತಕೋತ್ತರ ಶಿಕ್ಷಣವನ್ನು ನೀಡುತ್ತ ಬರಲಾಗಿದೆ. ದೆಹಲಿ, ಮದ್ರಾಸ್, ಉಸ್ಮಾನಿಯಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾನಿಲಯಗಳಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ಇದು ಸಂಪೂರ್ಣ ಪಟ್ಟಿಯಲ್ಲ. ಯಾವ ಸಂಸ್ಥೆಯನ್ನು ಆರಿಸಿದರೂ ಮೇಲೆ ಹೇಳಿದ ಐದು ಪ್ರಶ್ನೆಗಳನ್ನು ಕೇಳುವುದು ತಪ್ಪಬಾರದು.

ಈಗಾಗಲೇ ಶಿಕ್ಷಕವೃತ್ತಿಯಲ್ಲಿ ಇರುವವರಿಗೆ ಮತ್ತೊಂದು ದಾರಿಯಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಮಾರ್ಗದರ್ಶನ ಮತ್ತು ಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತ ಬಂದಿದೆ. ಆರು ತಿಂಗಳ ದೂರಶಿಕ್ಷಣ, ಮೂರು ತಿಂಗಳ ಮುಖಾಮುಖಿ ತರಗತಿ, ಮೂರು ತಿಂಗಳ ಕ್ಷೇತ್ರ ತರಬೇತಿ ಎಂಬ ಮೂರು ಹಂತಗಳನ್ನು ಇದಕ್ಕಾಗಿ ರೂಪಿಸಲಾಗಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದರ ಕೇಂದ್ರಗಳಲ್ಲಿ ಒಂದು. ಶಾಲೆಯಲ್ಲಿ ಸಮಾಲೋಚಕರಾಗಬಯಸುವ ಶಿಕ್ಷಕರಿಗೆ ಇದು ಉಪಯುಕ್ತ. ಆದರೆ ಇದನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ತಿಳಿಯಬಾರದು.

ಅರ್ಹತೆ, ಪರೀಕ್ಷೆ ಮತ್ತು ದಾಖಲೆಗಳು

ಬಹುತೇಕ ಸಂಸ್ಥೆಗಳು ಸ್ನಾತಕ ಪದವಿಯನ್ನು ಕನಿಷ್ಠ ಅರ್ಹತೆಯಾಗಿ ನಿಗದಿಪಡಿಸಿವೆ. ಕೆಲವು ಸಂಸ್ಥೆಗಳು ಪದವಿಯಲ್ಲಿ ಮನೋವಿಜ್ಞಾನವನ್ನು ಓದಿರಬೇಕೆಂದು ವಿಧಿಸಿದರೆ ಮತ್ತೆ ಕೆಲವು ಇತರ ವಿಷಯಗಳ ಪದವೀಧರರಿಗೂ ಅವಕಾಶ ಕಲ್ಪಿಸುತ್ತವೆ. ಈ ಷರತ್ತನ್ನು ಮಾಹಿತಿ ಕೈಪಿಡಿಯಲ್ಲಿ ಮೊದಲು ನೋಡಬೇಕು.

ಕೇಂದ್ರೀಯ ವಿಶ್ವವಿದ್ಯಾನಿಲಯಗಳು ಮತ್ತು ಇತರ ಹಲವು ಸಂಸ್ಥೆಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ 2022ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸುತ್ತಿದೆ. ಟಾಟಾ ಸಂಸ್ಥೆಯೂ 2023ರಿಂದ ಇದನ್ನು ಪ್ರವೇಶದ ಮೊದಲ ಹಂತವಾಗಿ ಸ್ವೀಕರಿಸಿತು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ ಎಂಬುದು ಇದರ ಕ್ರಮ. ಮನೋವಿಜ್ಞಾನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪಗಳನ್ನು ಮುಂಚಿತವಾಗಿಯೇ ರೂಢಿಸಿಕೊಳ್ಳಬೇಕು. ಪರೀಕ್ಷೆಯು 2024 ಮತ್ತು 2025ರಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯಿತು. ಅರ್ಜಿ ಸಲ್ಲಿಕೆ ಅದಕ್ಕೆ ಹಲವು ವಾರಗಳ ಮೊದಲೇ ಮುಗಿಯುವುದರಿಂದ ಹಿಂದಿನ ವರ್ಷದ ಜೂನ್ ತಿಂಗಳಿನಿಂದಲೇ ಸಿದ್ಧತೆ ಆರಂಭಿಸುವುದು ಕ್ಷೇಮ.

ಕೇಂದ್ರೀಯ ಶಿಕ್ಷಣ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡ 15, ಪರಿಶಿಷ್ಟ ಪಂಗಡಕ್ಕೆ ಶೇಕಡ 7.5, ಇತರ ಹಿಂದುಳಿದ ವರ್ಗಗಳಿಗೆ ಶೇಕಡ 27, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇಕಡ 10ರಷ್ಟು ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಇಲ್ಲಿ ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಜಾತಿಪಟ್ಟಿಗಳನ್ನು ರಾಜ್ಯವಾರು ರಚಿಸಲಾಗಿದೆ. ಕರ್ನಾಟಕದಿಂದ ವಲಸೆ ಬಂದ ಕುಟುಂಬದವರು ತಮ್ಮ ಮೂಲ ರಾಜ್ಯದ ಪಟ್ಟಿಯ ಆಧಾರದ ಮೇಲೆ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಮೀಸಲಾತಿ ಪಡೆಯಬಹುದು. ಆದರೆ ವಲಸೆ ಬಂದ ರಾಜ್ಯದ ಸರ್ಕಾರಿ ಸಂಸ್ಥೆಗಳಲ್ಲಿ ಅದೇ ಸೌಲಭ್ಯ ಸಾಮಾನ್ಯವಾಗಿ ದೊರೆಯುವುದಿಲ್ಲ. ಹಿಂದುಳಿದ ವರ್ಗದವರ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರಬೇಕು ಮತ್ತು ಪ್ರಮಾಣಪತ್ರ ಕೇಂದ್ರ ನಮೂನೆಯಲ್ಲಿ ಇರಬೇಕು. ತಂದೆಯವರ ಮೂಲ ಊರಿನ ದಾಖಲೆ ತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಎಲ್ಲಕ್ಕಿಂತ ಮೊದಲು ಆರಂಭಿಸಬೇಕಾದ ಕೆಲಸ ಇದು.

ಉದ್ದೇಶಪತ್ರ

ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂದು ಕರೆಯಲಾಗುವ ಉದ್ದೇಶಪತ್ರವನ್ನು ಹಲವು ಸಂಸ್ಥೆಗಳು ಕೇಳುತ್ತವೆ. ಅಂಕಪಟ್ಟಿ ಹೇಳಲಾಗದ ಸಂಗತಿಯನ್ನು ಹೇಳುವುದು ಇದರ ಕೆಲಸ. 'ಬಾಲ್ಯದಿಂದಲೂ ಜನಸೇವೆ ಮಾಡಬೇಕೆಂಬ ಹಂಬಲ ನನ್ನದು, ಗೆಳೆಯರೆಲ್ಲ ನನ್ನ ಸಲಹೆ ಕೇಳುತ್ತಾರೆ' ಎಂಬ ವಾಕ್ಯ ನೂರಾರು ಅರ್ಜಿಗಳಲ್ಲಿ ಕಾಣಸಿಗುವಂತಹುದು. ಸಲಹೆ ಕೊಡುವ ಉತ್ಸಾಹವೇ ಸಮಾಲೋಚಕನ ಲಕ್ಷಣವಲ್ಲವಾದ್ದರಿಂದ ಅದು ಅರ್ಜಿದಾರನಿಗೆ ಪ್ರತಿಕೂಲವೂ ಆಗಬಹುದು. ಇದರ ಬದಲು, 'ಒಂದು ವರ್ಷ ರಾತ್ರಿಶಾಲೆಯಲ್ಲಿ ಕಲಿಸಿದೆ. ತರಗತಿಗೆ ಬರುವುದನ್ನು ನಿಲ್ಲಿಸಿದ ಹುಡುಗನ ಮನೆಗೆ ಹೋದಾಗ, ನಾನು ಸೋಮಾರಿತನವೆಂದು ಭಾವಿಸಿದ್ದು ಭಯವಾಗಿತ್ತೆಂದು ತಿಳಿಯಿತು. ಆ ಭಯವನ್ನು ಹೇಗೆ ವಿಚಾರಿಸಬೇಕೆಂಬುದು ನನಗೆ ತಿಳಿದಿರಲಿಲ್ಲ' ಎಂದು ಬರೆದರೆ ಅದರಲ್ಲಿ ಅನುಭವವೂ ವಿನಯವೂ ಕಲಿಯುವ ಕಾರಣವೂ ಒಟ್ಟಿಗೆ ವ್ಯಕ್ತವಾಗುತ್ತವೆ.

ತಮ್ಮದೇ ಬದುಕಿನ ನೋವು ಈ ವೃತ್ತಿಯತ್ತ ಸೆಳೆದಿದ್ದಲ್ಲಿ ಅದನ್ನು ಸೂಚಿಸುವುದರಲ್ಲಿ ತಪ್ಪಿಲ್ಲ. ಆದರೆ ಅದರ ವಿವರ ಕಡಿಮೆಯಿರಲಿ, ಅದರಿಂದ ಕಲಿತುದರ ವಿವರ ಹೆಚ್ಚಿರಲಿ. ಆ ಗಾಯ ಇನ್ನೂ ಹಸಿಯಾಗಿದ್ದರೆ ಮೊದಲು ತಾವೇ ಸಮಾಲೋಚನೆಯ ನೆರವು ಪಡೆಯುವುದು ಉಚಿತ. ಬೇರೆಯವರ ಕಥೆಯನ್ನು ಬರೆಯುವಾಗ ಹೆಸರು, ಊರು, ಗುರುತುಗಳನ್ನು ಬಿಡಬೇಕು. ಗೋಪ್ಯತೆಯನ್ನು ಕಾಪಾಡುವ ಅಭ್ಯಾಸ ಅರ್ಜಿಯಿಂದಲೇ ಆರಂಭವಾಗಬೇಕು. ಶಿಫಾರಸು ಪತ್ರ ಕೇಳಿದ್ದಲ್ಲಿ ದೊಡ್ಡ ಹುದ್ದೆಯವರಿಗಿಂತ ತಮ್ಮ ಕೆಲಸವನ್ನು ಕಣ್ಣಾರೆ ಕಂಡ ಅಧ್ಯಾಪಕರಿಂದ ಪಡೆಯುವುದು ಲೇಸು.

ಸಂದರ್ಶನ

ಸಂದರ್ಶಕರು ಪುಸ್ತಕಜ್ಞಾನಕ್ಕಿಂತ ಅಭ್ಯರ್ಥಿಯ ವಿವೇಚನೆಯನ್ನು ಅಳೆಯಲು ಬಯಸುತ್ತಾರೆ. ಉದಾಹರಣೆಗೆ ಇಂತಹ ಸನ್ನಿವೇಶವೊಂದನ್ನು ಮುಂದಿಡಬಹುದು: 'ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತನಗೆ ಬದುಕುವ ಆಸೆಯಿಲ್ಲವೆಂದೂ ಇದನ್ನು ಯಾರಿಗೂ ಹೇಳಬಾರದೆಂದೂ ನಿಮ್ಮಲ್ಲಿ ಕೇಳಿಕೊಳ್ಳುತ್ತಾಳೆ. ನೀವೇನು ಮಾಡುವಿರಿ?' ಭಾಷೆ ಕೊಡುತ್ತೇನೆಂಬ ಉತ್ತರ ಸರಿಯಲ್ಲ. ತಕ್ಷಣ ತಂದೆತಾಯಿಯರಿಗೆ ದೂರವಾಣಿ ಮಾಡುತ್ತೇನೆಂಬುದೂ ಪೂರ್ಣ ಉತ್ತರವಲ್ಲ. ಆಕೆಯ ಮಾತನ್ನು ಗಾಬರಿಯಿಲ್ಲದೆ ಕೇಳುವುದು, ಅಪಾಯದ ತೀವ್ರತೆಯನ್ನು ನೇರವಾಗಿ ವಿಚಾರಿಸುವುದು, ಆಕೆಯನ್ನು ಒಂಟಿಯಾಗಿ ಬಿಡದಿರುವುದು, ಜೀವಕ್ಕೆ ಅಪಾಯವಿರುವಾಗ ಗೋಪ್ಯತೆಗೆ ಮಿತಿಯಿದೆಯೆಂದು ಆಕೆಗೇ ತಿಳಿಸಿ ಆಕೆಯನ್ನು ಒಳಗೊಂಡೇ ಮನೆಯವರ ಹಾಗೂ ವೈದ್ಯರ ನೆರವು ಪಡೆಯುವುದು ಉತ್ತರದ ಮುಖ್ಯ ಭಾಗಗಳು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರುತ್ತದೆ. ಜೀವಕ್ಕೆ ಅಪಾಯವಿರುವ ಸಂದರ್ಭಗಳನ್ನು ಅದೇ ಕಾಯಿದೆ ಅಪವಾದವೆಂದು ಗುರುತಿಸುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದಲ್ಲಿ ಪೊಲೀಸರಿಗೆ ವರದಿ ಮಾಡುವುದನ್ನು 2012ರ ಪೋಕ್ಸೊ ಕಾಯಿದೆ ಕಡ್ಡಾಯಗೊಳಿಸಿದೆ. ಈ ಎರಡು ಕಾಯಿದೆಗಳ ಮೂಲ ಅಂಶಗಳನ್ನು ಓದಿಕೊಂಡು ಹೋಗುವುದು ಅಭ್ಯರ್ಥಿಗೆ ಸಹಾಯಕ.

ಭಾಷೆಯೆಂಬ ಬಂಡವಾಳ

ಪರಭಾಷಾ ಪ್ರದೇಶದಲ್ಲಿ ಬೆಳೆದ ಕನ್ನಡಿಗರು ಅರ್ಜಿಯಲ್ಲಿ ತಮ್ಮ ಭಾಷಾಜ್ಞಾನವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಆದರೆ ಈ ವೃತ್ತಿಯಲ್ಲಿ ಭಾಷೆಯೇ ಸಾಧನ. 'ಎದೆ ಭಾರ', 'ಹೊಟ್ಟೆಯಲ್ಲಿ ಸಂಕಟ', 'ಯಾವುದರಲ್ಲೂ ಮನಸ್ಸಿಲ್ಲ', 'ಜೀವ ಬೇಸತ್ತಿದೆ' ಎಂಬ ಮಾತುಗಳ ಹಿಂದೆ ದೈಹಿಕ ಕಾಯಿಲೆಯಿದೆಯೋ ದುಃಖವಿದೆಯೋ ಆತ್ಮಹತ್ಯೆಯ ಯೋಚನೆಯಿದೆಯೋ ಎಂಬುದನ್ನು ಆ ಭಾಷೆಯೊಳಗಿನವರು ಬೇಗ ಗ್ರಹಿಸಬಲ್ಲರು. ಮಗನ ಮನೆಯಲ್ಲಿರಲು ಪುಣೆಗೆ ಬಂದು, ಮರಾಠಿಯೂ ಹಿಂದಿಯೂ ಬಾರದೆ ಮೌನಕ್ಕೆ ಜಾರಿದ ವೃದ್ಧೆಗೆ ಕನ್ನಡ ಬಲ್ಲ ಸಮಾಲೋಚಕರೊಬ್ಬರು ದೊರೆಯುವುದು ಔಷಧದಷ್ಟೇ ಮುಖ್ಯವಾದೀತು. ಆದ್ದರಿಂದ ಕನ್ನಡವನ್ನೂ ಸ್ಥಳೀಯ ಭಾಷೆಯನ್ನೂ ಮಾತನಾಡಬಲ್ಲವರು ಆ ಸಾಮರ್ಥ್ಯವನ್ನು ಉದ್ದೇಶಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಬರಿಯ ಮನೆಮಾತಾಗಿ ಉಳಿದ ಕನ್ನಡವನ್ನು ಓದು ಬರಹಗಳಿಂದ ಗಟ್ಟಿಗೊಳಿಸಿಕೊಳ್ಳುವುದೂ ತರಬೇತಿಯ ಭಾಗವೇ ಸರಿ. ಈ ದಿಸೆಯಲ್ಲಿ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಉಪಯುಕ್ತ.

ನೆನಪಿನಲ್ಲಿಡಬೇಕಾದ ಅಂಶಗಳು

ಪದವಿಯ ಹೆಸರಿಗಿಂತ ಮೇಲ್ವಿಚಾರಣೆಯುಳ್ಳ ಪ್ರಾಯೋಗಿಕ ತರಬೇತಿ ಮುಖ್ಯ.

ದೂರಶಿಕ್ಷಣ ಅಥವಾ ಆನ್‌ಲೈನ್ ಶಿಕ್ಷಣದ ಜಾಹೀರಾತನ್ನು ಅನುದಾನ ಆಯೋಗದ ಪ್ರಕಟಣೆಯೊಡನೆ ತಾಳೆ ನೋಡಬೇಕು.

ಚಿಕಿತ್ಸಾ ಮನೋವಿಜ್ಞಾನಿ ಎಂಬ ಹೆಸರಿಗೆ ಪ್ರತ್ಯೇಕ ನೋಂದಣಿ ಬೇಕು.

ಮೀಸಲಾತಿ ದಾಖಲೆಗಳನ್ನು ಮೂಲ ರಾಜ್ಯದಿಂದ ಮುಂಚಿತವಾಗಿಯೇ ಪಡೆಯಬೇಕು.

ಉದ್ದೇಶಪತ್ರದಲ್ಲಿ ನಿಜವಾದ ಅನುಭವವನ್ನು, ಇತರರ ಗೋಪ್ಯತೆಗೆ ಭಂಗ ಬಾರದಂತೆ, ಸರಳವಾಗಿ ಬರೆಯಬೇಕು.

ಮೊದಲ ಪ್ರಯತ್ನದಲ್ಲಿ ಪ್ರವೇಶ ದೊರೆಯದಿದ್ದರೆ ಎದೆಗುಂದಬೇಕಾಗಿಲ್ಲ. ಶಾಲೆಯಲ್ಲಿ, ಸೇವಾ ಸಂಸ್ಥೆಯಲ್ಲಿ, ವೃದ್ಧಾಶ್ರಮದಲ್ಲಿ ಒಂದು ವರ್ಷ ಕೆಲಸ ಮಾಡಿ ಬಂದವರ ಅರ್ಜಿಯು ಮುಂದಿನ ಬಾರಿ ಹೆಚ್ಚು ತೂಕವುಳ್ಳದ್ದಾಗುತ್ತದೆ. ಮಾನ್ಯತೆಯಿಲ್ಲದ ಶಿಕ್ಷಣಕ್ಕೆ ಅವಸರದಿಂದ ಸೇರುವುದಕ್ಕಿಂತ ಆ ಒಂದು ವರ್ಷದ ಕಾಯುವಿಕೆ ಲಾಭದಾಯಕ.

ಮಾನಸಿಕ ನೆರವು ಬೇಕಾದವರು ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಶುಲ್ಕವಿಲ್ಲದೆ ಕರೆಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಇದರ ಸೇವೆ ಲಭ್ಯವಿದೆ. ಈ ವೃತ್ತಿಗೆ ಸಿದ್ಧರಾಗುತ್ತಿರುವವರೂ, ಅಗತ್ಯ ಬಿದ್ದಾಗ, ಇದರ ನೆರವು ಪಡೆಯಲು ಸಂಕೋಚಪಡಬಾರದು.